ಎರೆಮಣ್ಣಿನ ಕೆರೆಯಲ್ಲಿ ಬಾವಿ ರಿಂಗಿನ ಬಂಡೆಸಾಲು

ಸಿಂಧನೂರಿನಿಂದ ಮಸ್ಕಿಗೆ ಹೋಗುವ ರಸ್ತೆಯ ಬದಿಯಲ್ಲಿ ನಾವು ಬಾವಿ ರಿಂಗು, ಬೇಲಿ ಕಂಬ ಮತ್ತು ದನಗಳ ನೀರಿನ ತೊಟ್ಟಿಗಳನ್ನು ಎರಕ ಹೊಯ್ಯುತ್ತೇವೆ. ಕಾರ್ಖಾನೆ ಎನ್ನುವುದು ದೊಡ್ಡ ಮಾತಾದೀತು. ಆರು ಅಚ್ಚುಗಳು, ಒಂದು ಮಿಕ್ಸರ್, ಇಬ್ಬರು ಗೌಂಡಿಗಳು, ನಾಲ್ವರು ಕೂಲಿಯವರು ಇಷ್ಟೇ ಅದರ ವ್ಯಾಪ್ತಿ. ಅಚ್ಚು ಬಿಚ್ಚುವಾಗ ಅಂಚು ಮುರಿದ ರಿಂಗುಗಳನ್ನು ಯಾರೂ ಕೊಳ್ಳುವುದಿಲ್ಲವಾದ್ದರಿಂದ ಅವು ವರ್ಷವರ್ಷವೂ ಹಿತ್ತಲಲ್ಲಿ ರಾಶಿಯಾಗುತ್ತ ಹೋಗುತ್ತವೆ. ಕೊಚ್ಚಿಯ ಕೇಂದ್ರೀಯ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯವರು ಮೀನುಗಳಿಗೆ ಆಸರೆಯಾಗಲೆಂದು ಸಮುದ್ರದ ತಳದಲ್ಲಿ ಇಳಿಸುವ ಕೃತಕ ಬಂಡೆಸಾಲಿನ ಘಟಕಗಳಲ್ಲಿ ತ್ರಿಕೋನದ್ದು, ಹೂವಿನಾಕಾರದ್ದು ಮತ್ತು ಬಾವಿ ರಿಂಗಿನದ್ದು ಎಂಬ ಬಗೆಗಳಿವೆ ಎಂದು ಓದಿದ ದಿನ ನನ್ನ ಕಣ್ಣು ಹಿತ್ತಲಿನ ಆ ರಾಶಿಯ ಮೇಲೆ ಬಿದ್ದಿತು.

ನಮ್ಮಲ್ಲಿ ಸಮುದ್ರವಿಲ್ಲ. ಇರುವುದು ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಿಂದ ತುಂಬುವ, ಬೇಸಿಗೆಯಲ್ಲಿ ಮುಕ್ಕಾಲು ಭಾಗ ಒಣಗಿ ಬಿರುಕು ಬಿಡುವ ಊರ ಕೆರೆ. ತಳವೆಲ್ಲ ಸಮತಟ್ಟಾದ ಹೂಳು. ಒಂದು ಬಂಡೆಯಿಲ್ಲ, ಒಂದು ಬೇರಿಲ್ಲ, ಮರಿಮೀನು ಅಡಗಿಕೊಳ್ಳಲು ಒಂದು ಸಂದು ಸಹ ಇಲ್ಲ. ಗುತ್ತಿಗೆದಾರರು ಬಿತ್ತುವ ಮೂರು ನಾಲ್ಕು ಇಂಚಿನ ಮರಿಗಳಲ್ಲಿ ಗಣನೀಯ ಪಾಲು ನೀರುಕಾಗೆಗಳ ಹೊಟ್ಟೆ ಸೇರುವುದನ್ನು ಏರಿಯ ಮೇಲೆ ಕುಳಿತು ಯಾರು ಬೇಕಾದರೂ ನೋಡಬಹುದು. ಕಡಲಿಗಾಗಿ ರೂಪಿಸಿದ ವಿನ್ಯಾಸದಲ್ಲಿ ಯಾವುದು ಸಿಹಿನೀರಿನ ಕೆರೆಗೆ ಹೊಂದುತ್ತದೆ, ಯಾವುದು ಹೊಂದುವುದಿಲ್ಲ ಎಂದು ಕಟ್ಟಿಯೇ ತಿಳಿಯಬೇಕೆಂದು 2024ರ ಫೆಬ್ರವರಿಯಲ್ಲಿ ಗ್ರಾಮ ಪಂಚಾಯಿತಿಯ ಒಪ್ಪಿಗೆ ಪಡೆದು ಕೆಲಸ ಆರಂಭಿಸಿದೆವು. ಜನ ಕುಡಿಯುವ ನೀರಿನ ಕೆರೆ ಬೇರೆಯೇ ಇದೆ. ಇದರ ನೀರು ದನಕರುಗಳಿಗೆ ಮತ್ತು ಹೊಲಗಳಿಗೆ.

ಮೊದಲು ಏನನ್ನು ಹಾಕಬಾರದು ಎಂಬುದನ್ನು ತೀರ್ಮಾನಿಸಬೇಕಾಯಿತು, ಏಕೆಂದರೆ ಸುದ್ದಿ ಹರಡಿದ ಕೂಡಲೇ ಊರಿನವರು ತಮ್ಮ ಮನೆಯಲ್ಲಿ ಬೇಡವಾದದ್ದನ್ನೆಲ್ಲ ಕೊಡಲು ಮುಂದೆ ಬಂದರು. ಒಬ್ಬರು ಮೂವತ್ತು ಹಳೆಯ ಟ್ರ್ಯಾಕ್ಟರ್ ಟೈರುಗಳನ್ನು ಪುಕ್ಕಟೆ ಕೊಡುತ್ತೇನೆಂದರು. ಅಮೆರಿಕದ ಫ್ಲಾರಿಡಾದ ಫೋರ್ಟ್ ಲಾಡರ್‌ಡೇಲ್ ಎದುರಿನ ಕಡಲಿನಲ್ಲಿ 1972ರಲ್ಲಿ ಸುಮಾರು 20 ಲಕ್ಷ ಟೈರುಗಳನ್ನು ಕಟ್ಟುಕಟ್ಟಾಗಿ ಮುಳುಗಿಸಿದ್ದರು. ಓಸ್ಬೋರ್ನ್ ಬಂಡೆಸಾಲು ಎಂದು ಅದಕ್ಕೆ ಹೆಸರು. ಕಟ್ಟಿದ ಪಟ್ಟಿಗಳು ತುಕ್ಕು ಹಿಡಿದು ಕಳಚಿದವು, ಟೈರುಗಳು ಬಿರುಗಾಳಿಗಳ ಹೊಡೆತಕ್ಕೆ ಉರುಳಾಡಿ ಪಕ್ಕದ ನಿಜವಾದ ಹವಳದ ದಿಬ್ಬಗಳನ್ನೇ ಉಜ್ಜಿ ಹಾಳುಗೆಡವಿದವು, ಆಮೇಲೆ ಅವನ್ನು ಎತ್ತಿ ತೆಗೆಯುವುದೇ ಒಂದು ದೊಡ್ಡ ಯೋಜನೆಯಾಯಿತು. ಟೈರು ನೀರಿನಲ್ಲಿ ಬಹುಮಟ್ಟಿಗೆ ತೂಕ ಕಳೆದುಕೊಳ್ಳುವ ವಸ್ತು. ಅದರ ಮೈಮೇಲೆ ಜೀವಿಗಳು ನೆಟ್ಟಗೆ ಅಂಟಿಕೊಳ್ಳುವುದೂ ಇಲ್ಲ. ಟೈರುಗಳನ್ನು ವಿನಯದಿಂದಲೇ ಹಿಂದಿರುಗಿಸಿದೆವು.

ಶಕ್ತಿನಗರದ ಉಷ್ಣ ವಿದ್ಯುತ್ ಸ್ಥಾವರದ ಹಾರುಬೂದಿಯ ವಿಷಯದಲ್ಲಿ ಮಾತ್ರ ನಾನು ಎರಡು ಮನಸ್ಸಿನವನಾಗಿದ್ದೆ. ಇಂಗ್ಲೆಂಡಿನ ಪೂಲ್ ಕೊಲ್ಲಿಯಲ್ಲಿ 1989ರಲ್ಲಿ ಕಲ್ಲಿದ್ದಲ ಬೂದಿ ಮತ್ತು ಸಿಮೆಂಟಿನ ಇಟ್ಟಿಗೆಗಳಿಂದಲೇ ಪ್ರಾಯೋಗಿಕ ಬಂಡೆಸಾಲು ಕಟ್ಟಿದ್ದರು, ಅದರಲ್ಲಿ ಲಾಬ್‌ಸ್ಟರ್‌ಗಳು ನೆಲೆಸಿದವು. ಆದರೆ ಅಲ್ಲಿ ಬೂದಿಯ ಲೋಹಗಳು ನೀರಿಗೂ ಜೀವಿಗಳಿಗೂ ಇಳಿಯುತ್ತವೆಯೇ ಎಂದು ವರ್ಷಗಟ್ಟಲೆ ಪರೀಕ್ಷಿಸುವ ವಿಶ್ವವಿದ್ಯಾಲಯವಿತ್ತು, ಸುತ್ತಲೂ ಕಡಲಿನಷ್ಟು ನೀರಿತ್ತು. ನಮ್ಮ ಕೆರೆಯ ನೀರನ್ನು ಎಮ್ಮೆಗಳು ಕುಡಿಯುತ್ತವೆ, ಪರೀಕ್ಷಿಸಲು ನನ್ನ ಬಳಿ ಇರುವುದು ನೀರು ಹುಳಿಯೋ ಕ್ಷಾರವೋ ಎಂದು ಬಣ್ಣದಿಂದ ತೋರಿಸುವ ಪಿಎಚ್ ಕಾಗದದ ಒಂದು ಡಬ್ಬಿ. ಆದ್ದರಿಂದ ಬೂದಿಯನ್ನು ಕೈಬಿಟ್ಟು ಸ್ಲ್ಯಾಗ್ ಸಿಮೆಂಟನ್ನು ಆರಿಸಿಕೊಂಡೆವು. ಉಕ್ಕಿನ ಕಾರ್ಖಾನೆಯ ಊದುಕುಲುಮೆಯಿಂದ ಹೊರಬರುವ ಕಿಟ್ಟವನ್ನು ನೀರಿನಲ್ಲಿ ತಟ್ಟನೆ ತಣಿಸಿ, ನುಣ್ಣಗೆ ಅರೆದು ಬೆರೆಸಿದ ಸಿಮೆಂಟ್ ಅದು. ತೋರಣಗಲ್ಲಿನಂಥ ಉಕ್ಕಿನ ಊರು ಪಕ್ಕದ ಜಿಲ್ಲೆಯಲ್ಲೇ ಇರುವುದರಿಂದ ನಮ್ಮ ಕಡೆ ಇದು ಹೊಸದೇನಲ್ಲ. ಉಪ್ಪುನೀರು ಕಾಂಕ್ರೀಟಿನೊಳಗೆ ನುಸುಳಿ ಕಬ್ಬಿಣವನ್ನು ತಿನ್ನುವುದನ್ನು ಇದು ನಿಧಾನಿಸುತ್ತದೆ ಎಂಬ ಕಾರಣಕ್ಕೆ ಕಡಲ ಕೆಲಸಗಳಲ್ಲಿ ಇದನ್ನು ಮೆಚ್ಚುತ್ತಾರೆ. ನಮಗೆ ಉಪ್ಪಿನ ಭಯವಿಲ್ಲ. ಗಟ್ಟಿಯಾಗುವಾಗ ಸುಣ್ಣದ ಅಂಶವನ್ನು ಹೆಚ್ಚು ಬಳಸಿಕೊಂಡು ನೀರಿಗೆ ಬಿಡುವುದನ್ನು ಕಡಿಮೆ ಮಾಡುತ್ತದೆ ಎಂಬುದೇ ನಮ್ಮ ಆಯ್ಕೆಗೆ ಕಾರಣ.

ಘಟಕದ ವಿನ್ಯಾಸ ಹೀಗಿತ್ತು: ಮೂರು ಅಡಿ ವ್ಯಾಸ, ಒಂದಡಿ ಎತ್ತರ, ಎರಡು ಇಂಚು ದಪ್ಪದ ಮೂರು ರಿಂಗುಗಳನ್ನು ಒಂದರ ಮೇಲೊಂದು ಕೂರಿಸಿದ ಗೂಡು. ಒಂದು ರಿಂಗು ಸುಮಾರು 100 ಕಿಲೋ ತೂಗುತ್ತದೆ. ನೀರಿನಲ್ಲಿ ಮುಳುಗಿದಾಗ ತನ್ನ ಗಾತ್ರದಷ್ಟು ನೀರಿನ ತೂಕವನ್ನು ಕಳೆದುಕೊಂಡು ಅದು 58 ಕಿಲೋದಷ್ಟೇ ಭಾರವಾಗುತ್ತದೆ ಎಂಬುದನ್ನು ಕಡಲಲ್ಲಿ ಕೆಲಸ ಮಾಡುವವರು ಮರೆಯುವಂತಿಲ್ಲ. ಅಲೆ ಮತ್ತು ಸೆಳೆತವಿರುವ ಕಡೆ ಘಟಕ ಜಾರದಂತಿರಲು ಅವರು ಒಂದು ಟನ್ನಿಗೂ ಮೇಲ್ಪಟ್ಟ ತೂಕವನ್ನು ಹೊಯ್ಯುವುದು ಇದೇ ಲೆಕ್ಕದಿಂದ. ತಿರುವನಂತಪುರ ಜಿಲ್ಲೆಯ 42 ಮೀನುಗಾರ ಹಳ್ಳಿಗಳ ಎದುರು, 12ರಿಂದ 15 ಮಾರು ಆಳದಲ್ಲಿ ಇಳಿಸಿದ 6,300 ಘಟಕಗಳು ಅಂಥವೇ. ಕೆರೆಯಲ್ಲಿ ಸೆಳೆತವಿಲ್ಲದ್ದರಿಂದ ನಮಗೆ ಮೂರು ರಿಂಗು ಸಾಕೆನಿಸಿತು.

ಹೆಚ್ಚು ಹೊತ್ತು ತಲೆ ಕೆಡಿಸಿಕೊಂಡದ್ದು ತೂತುಗಳ ಬಗ್ಗೆ. ಒಂದೇ ಅಳತೆಯ ತೂತುಗಳಿರುವ ಗೂಡಿನಲ್ಲಿ ಒಂದೇ ಅಳತೆಯ ಮೀನು ಸೇರುತ್ತದೆ; ತೂತು ತೀರ ದೊಡ್ಡದಾದರೆ ಮರಿಯ ಹಿಂದೆಯೇ ಅದನ್ನು ತಿನ್ನುವ ಮೀನೂ ಒಳಗೆ ಬರುತ್ತದೆ. ಜೊತೆಗೆ ಒಳಗೆ ನೀರು ಆಡುತ್ತಿರಬೇಕು, ಇಲ್ಲವಾದರೆ ಕೊಳೆತ ಎಲೆ ಸೇರಿ ಒಳಗಿನ ಆಮ್ಲಜನಕವೇ ಮುಗಿದುಹೋಗುತ್ತದೆ. ಕೊನೆಗೆ ಪ್ರತಿ ರಿಂಗಿಗೆ ಒಂದೂವರೆ ಇಂಚಿನ ಎಂಟು, ಮೂರು ಇಂಚಿನ ನಾಲ್ಕು, ಐದು ಇಂಚಿನ ಎರಡು ತೂತುಗಳೆಂದು ನಿರ್ಧರಿಸಿದೆವು. ಸಣ್ಣವುಗಳಿಗೆ ಪಿವಿಸಿ ಪೈಪಿನ ತುಂಡುಗಳನ್ನು ಅಚ್ಚಿನೊಳಗೆ ಅಡ್ಡಲಾಗಿ ನಿಲ್ಲಿಸಿ, ಎರಕ ಹೊಯ್ದು ಮೂರು ಗಂಟೆಯ ನಂತರ ತಿರುಗಿಸಿ ಹೊರಗೆಳೆದರೆ ಆಗುತ್ತಿತ್ತು. ದೊಡ್ಡ ತೂತುಗಳಲ್ಲಿ ಪೈಪು ಎಳೆಯುವಾಗ ಅಂಚು ಕಿತ್ತುಬರತೊಡಗಿತು. ಅಮೆರಿಕದಲ್ಲಿ ರೀಫ್ ಬಾಲ್ ಎಂಬ ಗುಮ್ಮಟದಂಥ ಘಟಕವನ್ನು ಹೊಯ್ಯುವವರು ಅಚ್ಚಿನ ಒಳಗೆ ಗಾಳಿ ತುಂಬಿದ ಚೆಂಡನ್ನಿಟ್ಟು, ಕಾಂಕ್ರೀಟ್ ಬಿಗಿದ ಮೇಲೆ ಗಾಳಿ ಬಿಟ್ಟು ತೆಗೆಯುತ್ತಾರೆ. ನಮ್ಮ ಗೌಂಡಿ ಅದಕ್ಕಿಂತ ಸುಲಭವಾದ ದಾರಿ ಕಂಡುಹಿಡಿದ: ಬಾಳೆದಿಂಡನ್ನು ಎರಡಿಂಚು ದಪ್ಪಕ್ಕೆ ಕೊಯ್ದು ಅಚ್ಚಿನ ನಡುವೆ ಸಿಕ್ಕಿಸಿದ. ನಾಲ್ಕು ದಿನಗಳಲ್ಲಿ ದಿಂಡು ಕುಗ್ಗಿ ಸಡಿಲಾಗಿ, ಒಂದು ಕೋಲಿನಿಂದ ತಿವಿದರೆ ಹೊರಗೆ ಬೀಳುತ್ತಿತ್ತು. ದಿಂಡಿನ ಪದರಗಳ ಗುರುತು ಕಾಂಕ್ರೀಟಿನ ಮೇಲೆ ಉಳಿದು ತೂತಿನ ಒಳಮೈ ತರಕಲಾಯಿತು, ಪಾಚಿ ಹಿಡಿಯಲು ಅದೂ ಅನುಕೂಲವೇ. ಹೊರಮೈಯನ್ನು ಸಹ ನುಣುಪು ಮಾಡದೆ, ಹಸಿಯಿರುವಾಗಲೇ ತೆಂಗಿನ ಕಸಬರಿಗೆಯಿಂದ ಗೀರಿದೆವು. ಇಪ್ಪತ್ತು ವರ್ಷ ರಿಂಗಿನ ಮೈ ನುಣ್ಣಗಿರಲೆಂದು ಬೈಸಿಕೊಂಡ ಗೌಂಡಿಗೆ ಈಗ ಕೆಡಿಸು ಎಂದು ಹೇಳಿಸಿಕೊಳ್ಳುವುದು ಅಷ್ಟೇನೂ ಹಿಡಿಸಲಿಲ್ಲ.

ಹಿತ್ತಲಿನ ಹಳೆಯ ರಿಂಗುಗಳಲ್ಲಿ 10 ಮಾತ್ರ ಉಪಯೋಗಕ್ಕೆ ಬಂದವು, ಅವುಗಳಿಗೆ ಡ್ರಿಲ್ ಹಾಕಿ ತೂತು ಕೊರೆಸಿದೆವು. ಉಳಿದ 17ನ್ನು ಹೊಸದಾಗಿ ಹೊಯ್ದೆವು. ಎಲ್ಲವೂ ಸೇರಿ ಒಂಬತ್ತು ಗೂಡುಗಳು. ಹೊಸ ಕಾಂಕ್ರೀಟಿನ ಸಂದುಗಳಲ್ಲಿರುವ ನೀರಿನ ಪಿಎಚ್ 12ನ್ನು ದಾಟಿರುತ್ತದೆ. ಸಮುದ್ರದ ನೀರು ಸುಮಾರು 8.1ರಲ್ಲಿ ನಿಂತಿದ್ದು, ಅಷ್ಟು ದೊಡ್ಡ ರಾಶಿಯಲ್ಲಿ ಈ ಕ್ಷಾರ ಕರಗಿಹೋಗುತ್ತದೆಯಾದರೂ, ಹೊಸ ಘಟಕದ ಮೈಗೆ ಅಂಟಿಕೊಂಡಂತಿರುವ ತೆಳು ಪದರದಲ್ಲಿ ಸೂಕ್ಷ್ಮ ಜೀವಿಗಳು ಕೆಲಕಾಲ ನೆಲೆಸಲಾರವು. ನಾವು ರಿಂಗುಗಳನ್ನು ಎರಡು ದೊಡ್ಡ ತೊಟ್ಟಿಗಳಲ್ಲಿ ಸರದಿಯ ಮೇಲೆ ಮುಳುಗಿಸಿಟ್ಟು ವಾರಕ್ಕೊಮ್ಮೆ ನೀರು ಬದಲಿಸಿದೆವು. ಮೊದಲ ವಾರದ ನೀರಿನಲ್ಲಿ ಕಾಗದ 11ರ ಬಣ್ಣ ತೋರಿಸಿತು. ಐದನೆಯ ವಾರಕ್ಕೆ 8.5ರ ಆಸುಪಾಸಿಗೆ ಇಳಿಯಿತು. ಕೆರೆಯ ನೀರೇ 8ಕ್ಕಿಂತ ಮೇಲಿದ್ದುದರಿಂದ ಅಷ್ಟಕ್ಕೆ ನಿಲ್ಲಿಸಿದೆವು. ತೊಟ್ಟಿಯ ಗೋಡೆಗೆ ಬಿಳಿಯ ಸುಣ್ಣದ ಹೊರಪದರವೊಂದು ಕಟ್ಟಿಕೊಂಡಿತ್ತು. ಅದು ಕೆರೆಯಲ್ಲಿ ಅಲ್ಲದೆ ತೊಟ್ಟಿಯಲ್ಲೇ ಇಳಿದದ್ದು ಒಳ್ಳೆಯದಾಯಿತು.

ಏಪ್ರಿಲ್ ಮೂರನೆಯ ವಾರ ಮೊದಲ ಗೂಡನ್ನು ಟ್ರ್ಯಾಕ್ಟರ್ ಟ್ರೇಲರಿನಲ್ಲಿ ಕೆರೆಯಂಗಳಕ್ಕೆ ಸಾಗಿಸಿ ಪರೀಕ್ಷೆಗಾಗಿ ನಿಲ್ಲಿಸಿದೆವು. ಕಡಲಲ್ಲಾದರೆ ಬಾರ್ಜು, ಕ್ರೇನು, ಮುಳುಗುಗಾರರು ಬೇಕು. ನಮಗೆ ಬಿರುಕು ಬಿಟ್ಟ ನೆಲದ ಮೇಲೆ ನಡೆದುಹೋಗುವ ಭಾಗ್ಯವಿತ್ತು, ಅದನ್ನು ಅತಿಯಾಗಿ ನಂಬಿದೆವು. ಆ ಬಿಸಿಲಿಗೆ ಎರೆಮಣ್ಣು ಇಟ್ಟಿಗೆಯಂತೆ ಗಟ್ಟಿಯಾಗಿತ್ತು, ಗೂಡು ಕಂಬದಂತೆ ನೆಟ್ಟಗೆ ನಿಂತಿತು. ಮೇ ಎರಡನೆಯ ವಾರ ಒಂದು ರಾತ್ರಿ ಅಡ್ಡಮಳೆ ಜೋರಾಗಿ ಸುರಿಯಿತು. ಬೆಳಿಗ್ಗೆ ಹೋಗಿ ನೋಡಿದರೆ ಗೂಡು ಕುಡಿದವನಂತೆ ವಾಲಿತ್ತು, ಕೆಳಗಿನ ರಿಂಗು ಒಂದು ಬದಿಗೆ ಗೇಣುದ್ದ ಹೂತುಹೋಗಿತ್ತು, ಆ ಬದಿಯ ತೂತುಗಳೆಲ್ಲ ಕೆಸರಿನಿಂದ ಮುಚ್ಚಿದ್ದವು.

ಲೆಕ್ಕ ಹಾಕಿದಾಗ ತಪ್ಪು ನನ್ನದೇ ಎಂದು ತಿಳಿಯಿತು. ಮೂರು ರಿಂಗುಗಳ 300 ಕಿಲೋ ಭಾರವನ್ನು ನೆಲಕ್ಕೆ ದಾಟಿಸುವುದು ಎರಡು ಇಂಚು ದಪ್ಪದ ಅಂಚು ಮಾತ್ರ. ಅದರ ಒಟ್ಟು ವಿಸ್ತೀರ್ಣ ಸುಮಾರು 1,360 ಚದರ ಸೆಂಟಿಮೀಟರ್. ಎಂದರೆ ಪ್ರತಿ ಚದರ ಸೆಂಟಿಮೀಟರಿನ ಮೇಲೆ 220 ಗ್ರಾಂ ಒತ್ತಡ. ಬಾವಿ ತೋಡುವವರಿಗೆ ಬೇಕಾದದ್ದು ಇದೇ ಗುಣ: ರಿಂಗು ತನ್ನ ಅಂಚಿನಿಂದ ಮಣ್ಣನ್ನು ಕೊಯ್ದು ಕೆಳಗಿಳಿಯಬೇಕು. ಇಳಿಯಲೆಂದೇ ಹುಟ್ಟಿದ ವಸ್ತುವನ್ನು ತಂದು ನಿಲ್ಲು ಎಂದರೆ ಅದು ನಿಲ್ಲುವುದಾದರೂ ಹೇಗೆ? ಕೃತಕ ಬಂಡೆಸಾಲುಗಳನ್ನು ಇಳಿಸುವ ಮುನ್ನ ಕಡಲ ತಳದಲ್ಲಿ ಗಟ್ಟಿ ಮರಳಿದೆಯೇ, ಮೆತ್ತನೆಯ ಕೆಸರಿದೆಯೇ ಎಂದು ಸಮೀಕ್ಷೆ ಮಾಡುವುದು ಏಕೆಂದು ಆ ಬೆಳಿಗ್ಗೆ ಸರಿಯಾಗಿ ಅರ್ಥವಾಯಿತು. ಕೆಸರಿನಲ್ಲಿ ಘಟಕ ಹೂತುಹೋಗುತ್ತದೆ. ಮರಳಿನಲ್ಲಿ ಸಹ ಸೆಳೆತವು ಬುಡದ ಮರಳನ್ನು ಕೊರೆದು ಘಟಕ ತಾನೇ ತೋಡಿದ ಗುಂಡಿಗೆ ಇಳಿಯುತ್ತದೆ. ಕಾಂಕ್ರೀಟಿನ ಬಲ ಎಷ್ಟು ಎಂಬುದರ ಬಗ್ಗೆ ನಾನು ಎರಡು ತಿಂಗಳು ಯೋಚಿಸಿದ್ದೆ, ಅದು ಕೂರುವ ಮಣ್ಣಿನ ಬಗ್ಗೆ ಎರಡು ದಿನವೂ ಯೋಚಿಸಿರಲಿಲ್ಲ.

ಪರಿಹಾರ ಸರಳವಾಗಿತ್ತು, ಖರ್ಚಿನದಾಗಿತ್ತು. ನಾಲ್ಕು ಅಡಿ ಚೌಕದ, ಎರಡು ಇಂಚು ದಪ್ಪದ, ಆರು ಮಿಲಿಮೀಟರ್ ಸರಳಿನ ಜಾಲರಿಯಿರುವ ಒಂಬತ್ತು ಚಪ್ಪಡಿಗಳನ್ನು ಹೊಯ್ದು, ರಿಂಗು ಜಾರದಂತೆ ಮೇಲ್ಮೈಯಲ್ಲಿ ಒಂದು ವರ್ತುಲದ ಕಾಲುವೆ ಬಿಟ್ಟೆವು. ಚಪ್ಪಡಿಯೂ ಸೇರಿ ಒಟ್ಟು ಭಾರ 480 ಕಿಲೋ ಆಯಿತಾದರೂ ಅದು ಸುಮಾರು 15,000 ಚದರ ಸೆಂಟಿಮೀಟರ್‌ಗೆ ಹಂಚಿಹೋಗಿ ಒತ್ತಡ 32 ಗ್ರಾಮಿಗೆ ಇಳಿಯಿತು. ನೀರು ತುಂಬಿದ ಮೇಲೆ ಇನ್ನೂ ಕಡಿಮೆ. ಚಪ್ಪಡಿಗಳ ಅಡಿಗೆ ಬಳ್ಳಾರಿ ಜಾಲಿಯ ಕೊಂಬೆಗಳನ್ನು ಅಡ್ಡ ಉದ್ದ ಹಾಸಿದೆವು. ನಮ್ಮ ಸೀಮೆಯಲ್ಲಿ ಕೇಳದೆಯೇ ಬೆಳೆಯುವ ಬೆಳೆ ಅದೊಂದೇ. ಹೊಸ ಸಿಮೆಂಟಿನ ಲೆಕ್ಕ, ರಿಂಗು ಮತ್ತು ಚಪ್ಪಡಿ ಎರಡೂ ಸೇರಿ, 11 ಚೀಲಕ್ಕೆ ನಿಂತಿತು.

ಗೂಡುಗಳನ್ನು ಎಲ್ಲಿಡಬೇಕೆಂಬ ಚರ್ಚೆಯಲ್ಲಿ ಆರ್‌ಎಚ್ ಕ್ಯಾಂಪಿನ ಒಬ್ಬ ಹಿರಿಯರು ಸೇರಿಕೊಂಡರು. ಪೂರ್ವ ಬಂಗಾಳದಿಂದ ನಿರಾಶ್ರಿತರಾಗಿ ಬಂದು ಸಿಂಧನೂರು ತಾಲ್ಲೂಕಿನ ಕ್ಯಾಂಪುಗಳಲ್ಲಿ ನೆಲೆಸಿದ ಕುಟುಂಬದವರು ಅವರು. ಮೀನಿನ ವಿಷಯದಲ್ಲಿ ಅವರ ಮಾತಿಗೆ ಇಲ್ಲಿ ಎದುರಿಲ್ಲ. ತಮ್ಮ ಹಿರಿಯರ ಊರಿನ ನದಿಗಳಲ್ಲಿ ಮರದ ಕೊಂಬೆಗಳನ್ನು ನೀರಿನಲ್ಲಿ ರಾಶಿ ಹಾಕಿ, ತಿಂಗಳುಗಳ ನಂತರ ಸುತ್ತಲೂ ಬಲೆ ಕಟ್ಟಿ ಒಳಗೆ ಸೇರಿದ ಮೀನನ್ನೆಲ್ಲ ಹಿಡಿಯುವ ಕಾಠಾ ಎಂಬ ಪದ್ಧತಿಯಿದೆ ಎಂದು ವಿವರಿಸಿ, “ಅಜ್ಜನ ಕಾಲದಿಂದ ನಾವು ಮಾಡಿದ್ದನ್ನ ನೀವು ಸಿಮೆಂಟಿನ್ಯಾಗ ಮಾಡಾಕ್ಹತ್ತೀರಿ, ಅಷ್ಟ” ಎಂದರು. ನಾನು ಅದನ್ನು ಹೊಗಳಿಕೆ ಎಂದೇ ತೆಗೆದುಕೊಂಡೆ, ಆದರೆ ಅದರಲ್ಲೊಂದು ಎಚ್ಚರಿಕೆಯೂ ಇತ್ತು. ಬಂಡೆಸಾಲು ಹೊಸ ಮೀನನ್ನು ಹುಟ್ಟಿಸುತ್ತದೆಯೇ ಅಥವಾ ಸುತ್ತಲಿನ ಮೀನನ್ನು ಒಂದೆಡೆ ಸೇರಿಸಿ ಹಿಡಿಯುವವರ ಕೆಲಸವನ್ನು ಹಗುರ ಮಾಡುತ್ತದೆಯೇ ಎಂದು ಕಡಲ ವಿಜ್ಞಾನಿಗಳು ದಶಕಗಳಿಂದ ವಾದಿಸುತ್ತಿದ್ದಾರೆ. ಕಾಠಾ ಹಾಕುವವರಿಗೆ ಎರಡನೆಯದೇ ಉದ್ದೇಶ. ನಮ್ಮ ಉದ್ದೇಶ ಅದಾಗಿರಲಿಲ್ಲ. ಹಾಗಾಗಿ ಗೂಡುಗಳಿಂದ ಹತ್ತು ಮಾರಿನೊಳಗೆ ಬಲೆ ಬಿಡಬಾರದೆಂದು ಗುತ್ತಿಗೆದಾರರೊಂದಿಗೆ ಮೊದಲೇ ಮಾತಾಡಿಕೊಂಡೆವು.

ತೂಬಿನ ಎದುರಿನ ಆಳವನ್ನೂ ಕೋಡಿಯ ದಾರಿಯನ್ನೂ ಬಿಟ್ಟು, ತುಂಬಿದಾಗ ಎಂಟರಿಂದ ಹತ್ತು ಅಡಿ ನೀರಿರುವ ಜಾಗದಲ್ಲಿ ಮೂರು ಮೂರರಂತೆ ಮೂರು ಗುಂಪು ಮಾಡಿದೆವು. ನಡುವಿನ ಜಾಗದಲ್ಲಿ ಕಲ್ಲು ಕಟ್ಟಿದ ಜಾಲಿಯ ಇಪ್ಪತ್ತು ಕಂತೆಗಳನ್ನಿಟ್ಟು, ಪ್ಲಾಸ್ಟಿಕ್ ಹಗ್ಗವನ್ನು ಬಿಟ್ಟು ತೆಂಗಿನ ನಾರಿನ ಹಗ್ಗದಿಂದ ಬಿಗಿದೆವು. ಜೂನ್ ಮುಗಿಯುವುದರೊಳಗೆ ಕೆಲಸ ಮುಗಿಯಿತು.

ಜುಲೈ ಕೊನೆಯ ವಾರ ಕಾಲುವೆಯ ನೀರು ಕೆರೆಗೆ ಬಂತು. ಮೊದಲ ನಾಲ್ಕು ದಿನಗಳಲ್ಲಿ ಆರು ಕಂತೆಗಳು ಕಲ್ಲಿನಿಂದ ಕಳಚಿಕೊಂಡು ತೇಲಿ ಏರಿಗೆ ಬಡಿದವು, ಏಕೆಂದರೆ ಒಣಗಿದ ಜಾಲಿ ನೀರು ಕುಡಿದು ಭಾರವಾಗುವವರೆಗೆ ತೇಲುವ ಕಟ್ಟಿಗೆಯೇ. ಅವನ್ನು ಎರಡರಷ್ಟು ಕಲ್ಲು ಕಟ್ಟಿ ಮತ್ತೆ ಮುಳುಗಿಸಿದೆವು. ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೆಯ ಕ್ರೆಸ್ಟ್ ಗೇಟಿನ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋದಾಗ, ಇಡೀ ಸೀಮೆ ಭತ್ತದ ಚಿಂತೆಯಲ್ಲಿ ಮುಳುಗಿದ್ದ ಆ ವಾರ, ಕೆರೆಯ ಚಿಂತೆ ಮಾಡುತ್ತಿದ್ದವನು ಬಹುಶಃ ನಾನೊಬ್ಬನೇ. ಒಂದು ವಾರದಲ್ಲಿ ತಾತ್ಕಾಲಿಕ ಗೇಟು ಕೂರಿತು. ನಮ್ಮ ಕೆರೆ ಆ ಹೊತ್ತಿಗೆ ತುಂಬಿತ್ತು.

ಗುರುತಿನ ವಿಷಯದಲ್ಲಿ ಇನ್ನೊಂದು ಪಾಠ ಕಲಿತೆವು. ಗೂಡುಗಳಿರುವ ಕಡೆ ನೆಟ್ಟ ಬಿದಿರ ಗಳಗಳನ್ನು ದಸರೆಯ ಹೊತ್ತಿಗೆ ಹುಡುಗರು ಕಿತ್ತೊಯ್ದಿದ್ದರು. ಮೊಬೈಲಿನ ಜಿಪಿಎಸ್ ಐದಾರು ಮೀಟರ್ ಆಚೀಚೆ ತೋರಿಸುತ್ತಿತ್ತು. ನವೆಂಬರಿನಲ್ಲಿ ಗುತ್ತಿಗೆದಾರರ ಬಲೆ ಎರಡನೆಯ ಗುಂಪಿಗೆ ಸಿಕ್ಕಿ ಹರಿಯಿತು, “ಸಾವ್ಕಾರ್ರ, ನಿಮ್ಮ ರಿಂಗು ನನ್ನ ಬಲಿ ತಿಂತು” ಎಂದು ಅವರು ಅಂಗಡಿಗೇ ಬಂದರು. ಚಪ್ಪಡಿಯೊಂದರ ಮೂಲೆಯಿಂದ ಅರ್ಧ ಇಂಚು ಹೊರಚಾಚಿದ್ದ ಸರಳು ಅದಕ್ಕೆ ಕಾರಣವಾಗಿತ್ತು. ಬಲೆಯ ಹಣ ಕೊಟ್ಟೆ. ಆ ಮೇಲೆ ಅವರೇ ತೋರಿಸಿಕೊಟ್ಟ ದಾರಿಯೇ ಉತ್ತಮವೆನಿಸಿತು: ಹನುಮಪ್ಪನ ಗುಡಿಯ ಕಳಸ ಮತ್ತು ಅದರ ಹಿಂದಿನ ಬೇವಿನ ಮರ ಒಂದೇ ಸಾಲಿಗೆ ಬಂದು, ಬಲಗಡೆ ಪಂಪ್‌ಹೌಸಿನ ಮೂಲೆ ತೂಬಿನ ಕಲ್ಲಿನ ನೇರಕ್ಕೆ ಬಂದರೆ ಮೊದಲ ಗುಂಪು ಕಾಲಡಿಗಿದೆ ಎಂದರ್ಥ.

ಡಿಸೆಂಬರಿನಲ್ಲಿ ಆರು ಬೆಳಗು ಎರಡು ಬಿದಿರಿನ ಕೂಳಿಗಳನ್ನು ಗೂಡುಗಳ ಪಕ್ಕದಲ್ಲೂ ಎರಡನ್ನು ಬಯಲು ತಳದಲ್ಲೂ ಇಟ್ಟು, ಬಿದ್ದದ್ದನ್ನು ಎಣಿಸಿ ಬಿಟ್ಟೆವು. ಗೂಡಿನ ಕಡೆ ಮರಿಮೀನು ಮತ್ತು ಸೀಗಡಿ ಸೇರಿ 83, ಬಯಲಿನಲ್ಲಿ 31. ಇದು ಮೀನು ಹೆಚ್ಚಿತು ಎನ್ನುವುದಕ್ಕೆ ಪುರಾವೆಯಲ್ಲ, ಮೀನು ಎಲ್ಲಿರಲು ಇಷ್ಟಪಡುತ್ತದೆ ಎನ್ನುವುದಕ್ಕೆ ಮಾತ್ರ ಪುರಾವೆ. ಕಾಟ್ಲಾ, ರೋಹು, ಮೃಗಾಲ್ ಮೂರೂ ಹರಿಯುವ ನೀರಿನಲ್ಲಿ ಮೊಟ್ಟೆಯಿಡುವ ಮೀನುಗಳಾದ್ದರಿಂದ ನಿಂತ ಕೆರೆಯಲ್ಲಿ ಎಷ್ಟು ಗೂಡು ಕಟ್ಟಿದರೂ ಅವುಗಳ ಸಂತತಿ ಹೆಚ್ಚದು. ರೋಹು ಮಾತ್ರ ಕಾಂಕ್ರೀಟಿನ ಮೇಲೆ ಬೆಳೆದ ಪಾಚಿಯನ್ನು ಮೇಯಲು ಬರುತ್ತದೆ. ಗೂಡಿನ ನಿಜವಾದ ಪ್ರಯೋಜನ ಕೊರಮೀನು, ಹಾವುಮೀನು, ಸೀಗಡಿಗಳಂಥ ಊರ ಜೀವಿಗಳಿಗೆ. ಎಣಿಕೆಯ 83ರಲ್ಲಿ ಮೂವತ್ತಕ್ಕೂ ಹೆಚ್ಚು ತಿಲಾಪಿಯಾ ಮರಿಗಳಿದ್ದವು ಎಂಬುದನ್ನೂ ಹೇಳಬೇಕು. ಹೊರನಾಡಿನಿಂದ ಬಂದ ಆ ಮೀನಿಗೆ ನಾವೇ ಮನೆ ಕಟ್ಟಿಕೊಟ್ಟಂತಾಯಿತೇ ಎಂಬ ಕಸಿವಿಸಿ ಇನ್ನೂ ಹೋಗಿಲ್ಲ.

2025ರ ಏಪ್ರಿಲಿನಲ್ಲಿ ನೀರು ಇಳಿದು ಮೊದಲ ಗುಂಪು ಮೊಣಕಾಲುದ್ದ ನೀರಿನಲ್ಲಿ ಕಾಣಿಸಿಕೊಂಡಿತು. ಒಂದೂ ವಾಲಿರಲಿಲ್ಲ. ರಿಂಗಿನ ಮೇಲೆ ಬೆರಳಿನ ಉಗುರಿನಷ್ಟು ದಪ್ಪದ ಹಸಿರು ಕಂದು ಪದರ ಬೆಳೆದಿತ್ತು, ಕಸಬರಿಗೆಯ ಗೀರುಗಳಿದ್ದ ಹೊಸ ರಿಂಗುಗಳಲ್ಲಿ ಅದು ಹಳೆಯ ನುಣುಪು ರಿಂಗುಗಳಿಗಿಂತ ಸ್ಪಷ್ಟವಾಗಿ ದಟ್ಟವಾಗಿತ್ತು. ಒಂದೂವರೆ ಇಂಚಿನ ತೂತಿನೊಳಕ್ಕೆ ಬೆರಳು ಹಾಕಿದ ಗೌಂಡಿ ಹಾವುಮೀನಿನ ಮುಳ್ಳು ತಾಗಿ ಕೂಗಿಕೊಂಡ. ಆದರೆ ಚಪ್ಪಡಿಗಳ ಮೇಲೆ ಒಂದೇ ವರ್ಷಕ್ಕೆ ನಾಲ್ಕು ಇಂಚು ಹೂಳು ಕೂತಿತ್ತು, ಕೆಳಗಿನ ರಿಂಗಿನ ಅರ್ಧದಷ್ಟು ತೂತುಗಳು ಮುಚ್ಚಿಹೋಗಿದ್ದವು. ಬಾಳೆದಿಂಡಿನ ಐದು ಇಂಚಿನ ತೂತುಗಳಲ್ಲಿ ಬಹುತೇಕ ಯಾವ ಜೀವಿಯೂ ಇರಲಿಲ್ಲ.

ಆದ್ದರಿಂದ ಈಗ ಅಚ್ಚನ್ನು ಬದಲಿಸುತ್ತಿದ್ದೇವೆ. ಕೆಳಗಿನ ರಿಂಗಿನಲ್ಲಿ ತೂತುಗಳು ಬುಡದಿಂದ ಎಂಟು ಇಂಚಿನ ಮೇಲಷ್ಟೇ ಇರುತ್ತವೆ, ಐದು ಇಂಚಿನದನ್ನು ಒಂದಕ್ಕೆ ಇಳಿಸಿ ಒಂದೂವರೆ ಇಂಚಿನವನ್ನು ಹನ್ನೆರಡಕ್ಕೆ ಏರಿಸಿದ್ದೇವೆ, ಚಪ್ಪಡಿಯ ಸರಳುಗಳನ್ನು ಅಂಚಿನಿಂದ ಎರಡು ಇಂಚು ಒಳಗೇ ನಿಲ್ಲಿಸುತ್ತಿದ್ದೇವೆ. ಮೊದಲ ಆರು ರಿಂಗುಗಳು ಈ ವಾರ ತೊಟ್ಟಿಗೆ ಇಳಿದಿವೆ. ನಿನ್ನೆಯ ಕಾಗದ 10ರ ಬಣ್ಣ ತೋರಿಸಿತು.